ಅಗ್ನಿಕುಂಡದ ಕತೆಯೂ ಬರ್ಮಿಂಗ್‌ಹ್ಯಾಮಿನ ಮಕ್ಕಳೂ

ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟಗಳಲ್ಲಿ ಅನೇಕಕ್ಕೆ ಸ್ವಂತ ಕಟ್ಟಡವಿಲ್ಲ. ಕೆಲವು ಊರುಗಳಲ್ಲಿ ಭಾನುವಾರದ ಕನ್ನಡ ತರಗತಿಗಳು ಚರ್ಚುಗಳ ಬಾಡಿಗೆ ಕೊಠಡಿಗಳಲ್ಲೇ ನಡೆಯುತ್ತವೆ. ನಮ್ಮ ಮಕ್ಕಳು ಒತ್ತಕ್ಷರ ತಿದ್ದುವಾಗ ಅವರೆದುರಿನ ಗೋಡೆಯ ಮೇಲೆ ನೋಹನ ನಾವೆ, ಕವಣೆ ಹಿಡಿದ ದಾವೀದ, ಸಿಂಹಗಳ ಗವಿಯಲ್ಲಿ ಕುಳಿತ ದಾನಿಯೇಲ ಇರುತ್ತಾರೆ. ಹತ್ತು ಹನ್ನೆರಡರ ಪ್ರಾಯದ ಮಕ್ಕಳು ಚಿತ್ರ ಕಂಡರೆ ಕತೆ ಕೇಳದೆ ಬಿಡುವುದಿಲ್ಲ. ನಂಬಿಕೆಯನ್ನೂ ಧೈರ್ಯವನ್ನೂ ಕಲಿಸುವುದಕ್ಕೆಂದು ಈ ದೇಶ ತನ್ನ ಮಕ್ಕಳಿಗೆ ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆಗಳಿವು. ಅವುಗಳಲ್ಲಿ ಯಾವುದನ್ನು ಯಾರಿಗೆ ಹೇಳಲಾಯಿತು, ಯಾವುದನ್ನು ಯಾರಿಂದ ಮುಚ್ಚಿಡಲಾಯಿತು ಎಂಬುದಕ್ಕೂ ಒಂದು ಇತಿಹಾಸವಿದೆ.

ಮೊದಲು ಒಂದು ಕತೆಯನ್ನು ಪೂರ್ತಿಯಾಗಿ ನೆನೆಯೋಣ. ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಬರುತ್ತಾರೆ. ಯೆಹೂದದಿಂದ ಬ್ಯಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟವರು. ಈ ಹೆಸರುಗಳು ಅವರವಲ್ಲ, ಅರಮನೆಯವರು ಇಟ್ಟವು. ತಂದೆತಾಯಿ ಇಟ್ಟ ಹೆಸರುಗಳು ಹನನ್ಯ, ಮೀಶಾಯೇಲ, ಅಜರ್ಯ. (ಶಾಲೆಯಲ್ಲಿ ಹೆಸರು ಮೊಟಕಾಗಿಸಿಕೊಂಡಿರುವ ನಮ್ಮ ಮಕ್ಕಳಿಗೆ ಈ ವಿವರ ಬೇಗ ತಾಗುತ್ತದೆ.) ದೊರೆ ನೆಬೂಕದ್ನೆಚ್ಚರ ಅರುವತ್ತು ಮೊಳದ ಚಿನ್ನದ ಪ್ರತಿಮೆ ನಿಲ್ಲಿಸಿ, ಎಲ್ಲರೂ ಅಡ್ಡಬೀಳಬೇಕೆಂದು ಆಜ್ಞಾಪಿಸುತ್ತಾನೆ. ಮೂವರೂ ಒಪ್ಪುವುದಿಲ್ಲ. ಏಳ್ಮಡಿ ಕಾಯಿಸಿದ ಕುಲುಮೆಗೆ ಅವರನ್ನು ಎಸೆಯುತ್ತಾರೆ. ಒಳಗೆ ನೋಡಿದರೆ ನಾಲ್ವರು ನಡೆದಾಡುತ್ತಿದ್ದಾರೆ! ಹೊರಬಂದವರ ಮೈಯಲ್ಲಿ ಹೊಗೆಯ ವಾಸನೆಯೂ ಇಲ್ಲ.

ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಒತ್ತಿ ಹೇಳುವುದು ಈ ಕೊನೆಯನ್ನು. ಆದರೆ ಕತೆಯ ಜೀವ ಇರುವುದು ಕುಲುಮೆಯ ಬಾಯಿ ತೆರೆಯುವ ಮುಂಚೆ ಅವರು ದೊರೆಗೆ ಕೊಟ್ಟ ಉತ್ತರದಲ್ಲಿ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಒಂದು ವೇಳೆ ಬಿಡಿಸದೆ ಹೋದರೂ ನಾವು ನಿನ್ನ ಪ್ರತಿಮೆಗೆ ಬಾಗುವವರಲ್ಲ ಎಂಬುದು ಅದರ ತಾತ್ಪರ್ಯ. ‘ಬಿಡಿಸದೆ ಹೋದರೂ’ ಎಂಬ ಭಾಗವನ್ನು ತೆಗೆದುಬಿಟ್ಟರೆ ಧೈರ್ಯವೆಂಬುದು ದೇವರೊಡನೆ ಮಾಡಿಕೊಂಡ ಲೇವಾದೇವಿಯಾಗಿಬಿಡುತ್ತದೆ. ಗೋವಿನ ಹಾಡನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಹುಲಿ ತನ್ನನ್ನು ಬಿಟ್ಟೀತೆಂಬ ಲೆಕ್ಕ ಹಾಕಿ ಪುಣ್ಯಕೋಟಿ ಗುಹೆಗೆ ಹಿಂದಿರುಗಲಿಲ್ಲ.

ಸಂಡೇ ಸ್ಕೂಲ್ ಎಂಬ ಏರ್ಪಾಡು ಪ್ರಸಿದ್ಧಿಗೆ ಬಂದದ್ದು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಿಂದ. ಅಲ್ಲಿನ ಪತ್ರಿಕೆಯೊಂದರ ಒಡೆಯ ರಾಬರ್ಟ್ ರೈಕ್ಸ್ 1780ರಲ್ಲಿ ಬಡಮಕ್ಕಳಿಗಾಗಿ ಅದನ್ನು ಆರಂಭಿಸಿದನು. ಗುಂಡುಸೂಜಿ ತಯಾರಿಕೆಯಲ್ಲಿ ವಾರದ ಆರು ದಿನ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವಿದ್ದುದು ಭಾನುವಾರವೊಂದೇ. ಅಲ್ಲಿ ಮೊದಲ ಪಾಠ ಅಕ್ಷರ, ಓದುವ ಪುಸ್ತಕ ಬೈಬಲ್. ಕೆಲವೇ ವರ್ಷಗಳಲ್ಲಿ ಈ ಪದ್ಧತಿ ಅಮೆರಿಕಕ್ಕೂ ಬಂದಿತು. ರೋಡ್ ಐಲೆಂಡಿನ ಪಟಕೆಟ್‌ನಲ್ಲಿ ನೂಲಿನ ಗಿರಣಿ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಸ್ಲೇಟರ್ ತನ್ನಲ್ಲಿ ದುಡಿಯುವ ಮಕ್ಕಳಿಗಾಗಿ ಅಂಥ ಶಾಲೆ ತೆರೆದನು. 1824ರಲ್ಲಿ ಫಿಲಡೆಲ್ಫಿಯದಲ್ಲಿ ಅಮೆರಿಕನ್ ಸಂಡೇ ಸ್ಕೂಲ್ ಯೂನಿಯನ್ ಸ್ಥಾಪನೆಯಾಯಿತು. ಬಡವರ ಮಕ್ಕಳು ಓದು ಕಲಿತರೆ ಕೈಗೆ ಸಿಗುವುದಿಲ್ಲವೆಂದು ಗೊಣಗಿದವರು ಆಗಲೂ ಇದ್ದರು. ಅವರ ಭಯ ಆಧಾರವಿಲ್ಲದ್ದೇನಲ್ಲ.

ಆ ಭಯ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕ ಸಾಕ್ಷಿ. ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರ ಉಪಯೋಗಕ್ಕೆಂದು ಆರಿಸಿದ ಬೈಬಲ್ ಭಾಗಗಳು ಎಂದು ಅದರ ಮುಖಪುಟವೇ ಹೇಳುತ್ತದೆ. ಪ್ರಾಟೆಸ್ಟಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಇದರಲ್ಲಿದ್ದವು 232. ಗುಲಾಮನಾಗಿ ಮಾರಲ್ಪಟ್ಟ ಯೋಸೇಫನ ಕತೆ ಉಳಿಯಿತು, ಯಜಮಾನರಿಗೆ ವಿಧೇಯರಾಗಿರಿ ಎಂಬ ಉಪದೇಶ ಉಳಿಯಿತು. ಮೋಶೆ ಫರೋಹನ ಎದುರು ನಿಂತದ್ದು, ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಹೊರನಡೆದದ್ದು ಮಾಯವಾಯಿತು. ಗಂಡುಶಿಶುಗಳನ್ನು ಕೊಲ್ಲಿರೆಂಬ ಫರೋಹನ ಆಜ್ಞೆಯನ್ನು ಮೀರಿದ ಸೂಲಗಿತ್ತಿಯರಿಗೂ ಜಾಗವಿರಲಿಲ್ಲ. ಇಂದು ಇದರ ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿವೆ. ಟೆನೆಸಿಯ ಫಿಸ್ಕ್ ವಿಶ್ವವಿದ್ಯಾಲಯದಲ್ಲಿರುವ ಪ್ರತಿಯನ್ನು 2018ರಲ್ಲಿ ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಕತೆಯ ಶಕ್ತಿಯನ್ನು ಅದನ್ನು ನಂಬಿದವರಿಗಿಂತ ಅದಕ್ಕೆ ಕತ್ತರಿ ಹಾಕಿದವರೇ ಹೆಚ್ಚು ಬಲ್ಲವರಾಗಿದ್ದರೋ ಏನೋ!

ಅಮೆರಿಕದ ದಕ್ಷಿಣದ ರಾಜ್ಯಗಳು ಪುಸ್ತಕ ಕತ್ತರಿಸುವ ಗೋಜಿಗೆ ಹೋಗದೆ ಓದನ್ನೇ ನಿಷೇಧಿಸಿದವು. 1832ರ ಅಲಬಾಮಾ ಕಾನೂನಿನಂತೆ, ಗುಲಾಮರಿಗಾಗಲಿ ಸ್ವತಂತ್ರರಾದ ಕರಿಯರಿಗಾಗಲಿ ಅಕ್ಷರ ಕಲಿಸಿದವರಿಗೆ 250ರಿಂದ 500 ಡಾಲರ್ ದಂಡ. ಮೇರಿಲ್ಯಾಂಡಿನಲ್ಲಿ ಫ್ರೆಡರಿಕ್ ಡಗ್ಲಸ್ ಹರೆಯದಲ್ಲಿ ಗುಲಾಮನಾಗಿದ್ದಾಗಲೇ ಭಾನುವಾರದ ಶಾಲೆಯೊಂದರಲ್ಲಿ ಕಲಿಸತೊಡಗಿದನು. ಊರಿನ ಧರ್ಮಿಷ್ಠರೆನಿಸಿಕೊಂಡವರೇ ದೊಣ್ಣೆ ಹಿಡಿದು ಬಂದು ಅದನ್ನು ಚದುರಿಸಿದರು. ಮುಂದೆ ಇನ್ನೊಬ್ಬ ಯಜಮಾನನಲ್ಲಿದ್ದಾಗ ಗುಟ್ಟಾಗಿ ಮತ್ತೆ ಆರಂಭಿಸಿ ನಲವತ್ತಕ್ಕೂ ಹೆಚ್ಚು ಮಂದಿಗೆ ಕಲಿಸಿದುದನ್ನು 1845ರ ತನ್ನ ಆತ್ಮಕತೆಯಲ್ಲಿ ಅವನು ಬರೆದಿದ್ದಾನೆ. ಓದಲು ಬಾರದವರು ಮೋಶೆಯನ್ನೂ ದಾನಿಯೇಲನನ್ನೂ ಹಾಡುಗಳಲ್ಲಿ ಕಾಪಾಡಿಕೊಂಡರು. ಹೊಲದಲ್ಲಿ ಕೆಲಸ ಮಾಡುತ್ತ ತಾಯಿ ಹಾಡುವಳು, ಮಗು ಕೇಳುವುದು. ಪುಸ್ತಕಕ್ಕೆ ಕತ್ತರಿ ಹಾಕಬಹುದು, ಹಾಡಿಗೆ ಹಾಕುವುದು ಕಷ್ಟ. ಈ ಮಾತನ್ನು ನಮ್ಮ ಜನಪದರಿಗೆ ಯಾರೂ ಕಲಿಸಬೇಕಾಗಿಲ್ಲ.

ಅದೇ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, 1963ರಲ್ಲಿ, ಈ ಕತೆಗಳು ಮಕ್ಕಳ ಬಾಳಿನಲ್ಲಿಯೇ ಪರೀಕ್ಷೆಗೆ ಒಳಗಾದವು. ವರ್ಣಭೇದದ ವಿರುದ್ಧ ಹೋರಾಡಿ ಸೆರೆಯಾದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 16ರ ದಿನಾಂಕವಿರುವ ಪ್ರಸಿದ್ಧ ಪತ್ರದಲ್ಲಿ, ಅನ್ಯಾಯದ ಕಾನೂನನ್ನು ಮೀರುವುದು ಹೊಸದೇನಲ್ಲವೆಂದು ತೋರಿಸಲು ಶದ್ರಕ್, ಮೇಶಕ್, ಅಬೇದ್‌ನೆಗೋ ಅವರನ್ನೇ ಉದಾಹರಿಸಿದರು. ಆದರೆ ಚಳವಳಿ ಸೊರಗುತ್ತಿತ್ತು. ಬೀದಿಗಿಳಿದ ಹಿರಿಯರಿಗೆ ಕೆಲಸ ಹೋಗುವ ಅಪಾಯವಿತ್ತು. ಆಗ ಜೇಮ್ಸ್ ಬೆವೆಲ್ ಎಂಬ ಪಾದ್ರಿ ಶಾಲಾಮಕ್ಕಳನ್ನು ಕರೆಯೋಣವೆಂದರು. ಮೇ 2ರಂದು ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ಮಕ್ಕಳು ಸಾಲುಸಾಲಾಗಿ, ಹಾಡುತ್ತ ಹೊರಬಂದು ಬಂಧನಕ್ಕೊಳಗಾದರು. ಅವರಲ್ಲಿ ಒಬ್ಬಳಾದ ಆಡ್ರಿ ಫೇ ಹೆಂಡ್ರಿಕ್ಸ್‌ಗೆ ಒಂಬತ್ತು ವರ್ಷ. ಒಂದು ವಾರ ಅವಳು ಬಂಧನದಲ್ಲಿದ್ದಳು. ಮರುದಿನ ಬಂದ ಮಕ್ಕಳ ಮೇಲೆ ಪೊಲೀಸರು ನಾಯಿಗಳನ್ನು ಬಿಟ್ಟರು, ಅಗ್ನಿಶಾಮಕದ ಕೊಳವೆಗಳಿಂದ ನೀರು ಹಾಯಿಸಿದರು. ಆ ಚಿತ್ರಗಳು ಲೋಕವೆಲ್ಲ ಹರಡಿದವು. ಮೇ 10ರಂದು ನಗರದ ವ್ಯಾಪಾರಿಗಳೊಡನೆ ಒಪ್ಪಂದವಾಯಿತು.

ಮಕ್ಕಳನ್ನು ಮುಂದೆ ನಿಲ್ಲಿಸಿದ್ದು ಸರಿಯೇ? ಮಾಲ್ಕಮ್ ಎಕ್ಸ್ ಅದನ್ನು ಕಟುವಾಗಿ ಟೀಕಿಸಿದರು, ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯೂ ಒಪ್ಪಲಿಲ್ಲ. ನಮ್ಮ ಮಕ್ಕಳನ್ನು ರಸ್ತೆ ದಾಟುವಾಗಲೂ ಕೈಹಿಡಿದು ಕರೆದೊಯ್ಯುವ ನಾವು ಈ ಪ್ರಶ್ನೆಗೆ ಸುಲಭದ ಉತ್ತರ ಕೊಡಲಾರೆವು. ಒಂದನ್ನು ಮಾತ್ರ ಹೇಳಬಹುದು: ಆ ಮಕ್ಕಳು ಮನೆಯಲ್ಲಿ ಉಳಿದಿದ್ದರೂ ಸುರಕ್ಷಿತರಾಗಿರುತ್ತಿರಲಿಲ್ಲ.

ಏಕೆಂದರೆ ಸೆಪ್ಟೆಂಬರ್ 15ರ ಭಾನುವಾರ ಅದೇ ಚರ್ಚಿನಲ್ಲಿ ಸಂಡೇ ಸ್ಕೂಲ್ ನಡೆದಿತ್ತು. ಅಂದಿನ ಪಾಠದ ವಿಷಯ, ಕ್ಷಮಿಸುವ ಪ್ರೀತಿ. ಬೆಳಿಗ್ಗೆ 10 ಗಂಟೆ 22 ನಿಮಿಷಕ್ಕೆ ಮೆಟ್ಟಿಲ ಕೆಳಗೆ ಇಟ್ಟಿದ್ದ ಡೈನಮೈಟ್ ಸಿಡಿಯಿತು. ನೆಲಮಾಳಿಗೆಯ ಕೊಠಡಿಯಲ್ಲಿದ್ದ ನಾಲ್ವರು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್ ಹದಿನಾಲ್ಕರವರು. ಡೆನಿಸ್ ಮೆಕ್‌ನೇರ್ ಹನ್ನೊಂದರವಳು. ಆಡಿ ಮೇಯ ತಂಗಿ, ಹನ್ನೆರಡು ವರ್ಷದ ಸೇರಾ, ಬದುಕಿದಳು. ಅವಳ ಒಂದು ಕಣ್ಣು ಹೋಯಿತು.

ಕುಲುಮೆಯಲ್ಲಿ ನಾಲ್ಕನೆಯವನು ಕಾಣಿಸಿಕೊಳ್ಳದ ದಿನ ಅದು. ಗೆಲುವಿನ ಕೊನೆಯನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಅಂಥ ದಿನದ ಮರುದಿನ ಹೇಳಲು ಏನೂ ಉಳಿಯುವುದಿಲ್ಲ. ದಾನಿಯೇಲನ ಗ್ರಂಥದ ಆ ‘ಬಿಡಿಸದೆ ಹೋದರೂ’ ಎಂಬ ಮಾತನ್ನೇ ವಸ್ತುವಾಗಿ ಇಟ್ಟುಕೊಂಡು ಕಿಂಗ್ 1967ರ ನವೆಂಬರ್ 5ರಂದು ಅಟ್ಲಾಂಟದ ತಮ್ಮ ಎಬೆನೇಜರ್ ಚರ್ಚಿನಲ್ಲಿ ಉಪದೇಶಿಸಿದರು. ಐದು ತಿಂಗಳ ಬಳಿಕ ಅವರ ಕೊಲೆಯಾಯಿತು.

ಸ್ಫೋಟದಲ್ಲಿ ಒಡೆದ ಬಣ್ಣದ ಗಾಜಿನ ಕಿಟಕಿಗಳಲ್ಲಿ ಒಂದನ್ನು ವೇಲ್ಸಿನ ಜನ ಹಣ ಕೂಡಿಸಿ ಕಟ್ಟಿಸಿಕೊಟ್ಟರು. ಸಿರಿವಂತನೊಬ್ಬನೇ ಅದನ್ನು ಕೊಳ್ಳಬಾರದೆಂದು ಒಬ್ಬರಿಂದ ಅರ್ಧ ಕ್ರೌನಿಗಿಂತ ಹೆಚ್ಚು ಸ್ವೀಕರಿಸಲಿಲ್ಲ. ಜಾನ್ ಪೆಟ್ಸ್ ಎಂಬ ಕಲಾವಿದ ರೂಪಿಸಿದ ಆ ಕಿಟಕಿಯಲ್ಲಿ ಕೈಚಾಚಿ ನಿಂತಿರುವ ಯೇಸು ಕರಿಯ. 1965ರಿಂದ ಅದು ಅಲ್ಲಿದೆ. ಬಾಂಬಿಟ್ಟವರಲ್ಲಿ ಒಬ್ಬನಿಗೆ ಶಿಕ್ಷೆಯಾದದ್ದು 1977ರಲ್ಲಿ, ಇನ್ನೊಬ್ಬನಿಗೆ 2001ರಲ್ಲಿ, ಮೂರನೆಯವನಿಗೆ 2002ರಲ್ಲಿ. ಬದುಕಿದ್ದರೆ ಆ ವೇಳೆಗೆ ಡೆನಿಸ್‌ಗೆ ಐವತ್ತು ತುಂಬಿರುತ್ತಿತ್ತು.