ಜೆ. ಅರುಣ್ ಕುಮಾರ್: ಕ್ರೀಸ್‌ನಿಂದ ಕೋಚ್ ಹುದ್ದೆಗೆ

ಕರ್ನಾಟಕದ ಮಾಜಿ ಆರಂಭಿಕ ಬ್ಯಾಟ್ಸ್‌ಮನ್ ಜಗದೀಶ್ ಅರುಣ್ ಕುಮಾರ್ ಅವರಿಗೆ ಭಾರತ ತಂಡದ ಟೋಪಿ ದಕ್ಕಲೇ ಇಲ್ಲ. ಆದರೆ ಮತ್ತೊಂದು ದೇಶದ ರಾಷ್ಟ್ರೀಯ ತಂಡದ ಹೊಣೆ ಅವರ ಹೆಗಲೇರಿತು.

1975ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅರುಣ್, ಸಹ ಆಟಗಾರರ ನಡುವೆ 'ಜ್ಯಾಕ್' ಎಂದೇ ಪರಿಚಿತರು. ಪ್ರಥಮ ದರ್ಜೆಯ ನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ 20 ಶತಕಗಳೊಂದಿಗೆ ಏಳು ಸಾವಿರಕ್ಕೂ ಅಧಿಕ ರನ್ ಕಲೆಹಾಕಿದರು. 1990ರ ದಶಕದಲ್ಲಿ ಕರ್ನಾಟಕ ಮೂರು ಬಾರಿ ರಣಜಿ ಟ್ರೋಫಿ ಗೆದ್ದ ಕಾಲದ ಆಟಗಾರ ಅವರು. ಅದೇ ತಂಡದ ಸುಜಿತ್ ಸೋಮಸುಂದರ್, ವಿಜಯ್ ಭಾರದ್ವಾಜ್, ದೊಡ್ಡ ಗಣೇಶ್ ಭಾರತ ತಂಡದ ಬಾಗಿಲು ದಾಟಿದರು. ಅರುಣ್ ಹೊರಗೇ ಉಳಿದರು.

1998-99ರ ನಂತರ ರಾಜ್ಯಕ್ಕೆ ರಣಜಿ ಕಿರೀಟ ಮರೀಚಿಕೆಯಾಗಿತ್ತು. ಆ ಬರ ನೀಗಿದ್ದು ಅರುಣ್ ತರಬೇತುದಾರರಾದ ಮೇಲೆ. ವಿನಯ್ ಕುಮಾರ್ ನಾಯಕತ್ವದ ತಂಡ 2013-14ರ ಫೈನಲ್‌ನಲ್ಲಿ ಹೈದರಾಬಾದ್‌ನಲ್ಲಿ ಮಹಾರಾಷ್ಟ್ರವನ್ನು ಮಣಿಸಿತು. ಮರುವರ್ಷ ವಾಂಖೆಡೆಯಲ್ಲಿ ಕರುಣ್ ನಾಯರ್ 328 ರನ್ ಸಿಡಿಸಿ ತಮಿಳುನಾಡನ್ನು ಇನಿಂಗ್ಸ್ ಸೋಲಿಗೆ ತಳ್ಳಿದರು. ಎರಡೂ ಋತುಗಳಲ್ಲಿ ಇರಾನಿ ಕಪ್ ಹಾಗೂ ವಿಜಯ್ ಹಜಾರೆ ಟ್ರೋಫಿ ಸಹ ರಾಜ್ಯದ ಪಾಲಾದವು.

2020ರ ಏಪ್ರಿಲ್‌ನಲ್ಲಿ ಅವರು ಅಮೆರಿಕ ತಂಡದ ಮುಖ್ಯ ಕೋಚ್ ಆಗಿ ನೇಮಕಗೊಂಡರು. ಸುಲಭದ ಕುರ್ಚಿಯೇನೂ ಅಲ್ಲ. ಎರಡು ತಿಂಗಳ ಹಿಂದಷ್ಟೇ ಆ ತಂಡ ನೇಪಾಳದ ಎದುರು ಕೇವಲ 35 ರನ್‌ಗೆ ಕುಸಿದು ಏಕದಿನ ಕ್ರಿಕೆಟ್‌ನ ಕನಿಷ್ಠ ಮೊತ್ತದ ದಾಖಲೆ ಸರಿಗಟ್ಟಿತ್ತು. ಸಾಲದ್ದಕ್ಕೆ ಕೊರೊನಾ, ತಂಡ ಮತ್ತೆ ಏಕದಿನ ಪಂದ್ಯಕ್ಕಿಳಿದದ್ದು 2021ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು ಒಮಾನ್‌ನಲ್ಲಿ ಪಪುವಾ ನ್ಯೂಗಿನಿ ವಿರುದ್ಧ ಜಸ್ಕರಣ್ ಮಲ್ಹೋತ್ರಾ ಒಂದೇ ಓವರ್‌ನಲ್ಲಿ ಆರು ಸಿಕ್ಸರ್ ಎತ್ತಿದರು. ಡಿಸೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ನಡೆದ ಟಿ-20 ಪಂದ್ಯದಲ್ಲಿ 16 ರನ್‌ಗೆ ನಾಲ್ಕು ವಿಕೆಟ್ ಕಳೆದುಕೊಂಡಿದ್ದ ತಂಡ 188ಕ್ಕೆ ಏರಿ, ಐರ್ಲೆಂಡ್ ಅನ್ನು 26 ರನ್‌ಗಳಿಂದ ಸೋಲಿಸಿತು.

ಆದರೆ 2022ರ ಜುಲೈನಲ್ಲಿ ಜಿಂಬಾಬ್ವೆಯಲ್ಲಿ ನಡೆದ ಅರ್ಹತಾ ಟೂರ್ನಿಯ ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ ಶರಣಾಗಿ, ವಿಶ್ವಕಪ್ ಟಿಕೆಟ್ ಒಂದು ಗೆಲುವಿನ ಅಂತರದಲ್ಲಿ ತಪ್ಪಿತು. 2023ರಲ್ಲಿ ಅರುಣ್ ಮುಂಬೈ ಇಂಡಿಯನ್ಸ್‌ನ ಸಹಾಯಕ ಬ್ಯಾಟಿಂಗ್ ಕೋಚ್ ಆದರು.

2024ರ ಜೂನ್ 6ರಂದು, ಸ್ಟುವರ್ಟ್ ಲಾ ತರಬೇತಿಯಲ್ಲಿ, ಅಮೆರಿಕ ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿತು. ಪಂದ್ಯ ನಡೆದ ಟೆಕ್ಸಾಸ್‌ನ ಗ್ರ್ಯಾಂಡ್ ಪ್ರೇರಿ ಕ್ರೀಡಾಂಗಣ ಮೊದಲು ಬೇಸ್‌ಬಾಲ್ ಅಂಗಳವಾಗಿತ್ತು. ಅಂದು ಮೂರು ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೊಸ್ತುಶ್ ಕೆಂಜಿಗೆ, ಚಿಕ್ಕಮಗಳೂರಿನಲ್ಲಿ ಬೆಳೆದ ಹುಡುಗ.