ಬಾವನ್‌ಬಂಡೆಯ ಎರಡು ಅಕ್ಷರ

ಬಾದಾಮಿ ಎಂದರೆ ನಮ್ಮ ಜನರಿಗೆ ಮೇಣಬಸದಿ. ಹುನಗುಂದ ತಾಲೂಕಿನ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನೂ ಎಷ್ಟೋ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆತಂದು, ನಾಲ್ಕು ಗುಹೆ ತೋರಿಸಿ, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ರೊಟ್ಟಿ ಬುತ್ತಿ ಬಿಚ್ಚಿಸಿ, ಅದನ್ನು ಮಂಗಗಳಿಂದ ಕಾಯ್ದುಕೊಂಡು, ಪಟ್ಟದಕಲ್ಲಿನ ಹಾದಿ ಹಿಡಿಯುತ್ತಿದ್ದವಳೇ. ಕೆರೆಯ ಉತ್ತರಕ್ಕೆ ಎದ್ದು ನಿಂತ ಕೋಟೆಯ ಗುಡ್ಡವನ್ನು ಕೈಮಾಡಿ ತೋರಿಸಿದರೆ ಪಾಠ ಮುಗಿಯಿತು. ಇಳಕಲ್ ಸೀರೆ ಉಟ್ಟು ಆ ಮೆಟ್ಟಿಲು ಹತ್ತುವುದು ಯಾರಿಗೆ ಬೇಕು ಎಂಬ ಸೋಮಾರಿತನವೂ ಅದರಲ್ಲಿ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಒಂದು ವರ್ಷ ಹತ್ತನೆಯ ತರಗತಿಯ ಮಕ್ಕಳು ಹಟ ಹಿಡಿದರು. ಹತ್ತಲೇಬೇಕಾಯಿತು.

ಬಾದಾಮಿಗೆ ಎರಡು ಗುಡ್ಡ, ಎರಡು ಕೋಟೆ. ಗುಹೆಗಳ ನೆತ್ತಿಯ ಮೇಲಿರುವ ದಕ್ಷಿಣದ್ದು ರಣಮಂಡಲ. ಉತ್ತರದ್ದು ಬಾವನ್‌ಬಂಡೆ, ಎಂದರೆ ಐವತ್ತೆರಡು ಬಂಡೆಗಳ ಕೋಟೆ. ವಸ್ತುಸಂಗ್ರಹಾಲಯದ ಬದಿಯಿಂದ ಹತ್ತತೊಡಗಿದರೆ ಸ್ವಲ್ಪ ಹೊತ್ತಿಗೆ ಕೆಂಪು ಮರಳುಗಲ್ಲಿನ ಎರಡು ಗೋಡೆಗಳ ನಡುವಿನ ಓಣಿಯಲ್ಲಿರುತ್ತೇವೆ. ಗೋಡೆ ಎಂದೆ, ಆದರೆ ಅದನ್ನು ಯಾರೂ ಕಟ್ಟಿದ್ದಲ್ಲ. ಗುಡ್ಡವೇ ಸೀಳಿ ಹಾಗೆ ನಿಂತಿದೆ. ತಲೆಯೆತ್ತಿದರೆ ಆಕಾಶ ಸೀರೆಯ ದಡಿಯಷ್ಟೇ ಕಾಣುತ್ತದೆ. ಕೋಟೆ ಕಟ್ಟಿದವರ ಜಾಣತನ ಇಲ್ಲಿಯೇ ಇದೆ. ಬಂಡೆ ಇದ್ದಲ್ಲಿ ಬಂಡೆಯನ್ನೇ ಗೋಡೆ ಮಾಡಿಕೊಂಡರು. ಸಂದು ಇದ್ದಲ್ಲಿ ಮಾತ್ರ ಕಲ್ಲು ಪೇರಿಸಿದರು. ಬಾಗಿಲುಗಳನ್ನು ಇಕ್ಕಟ್ಟಿನಲ್ಲಿ ಇಟ್ಟರು. ಆನೆ ತಂದು ಬಾಗಿಲು ಒಡೆಸೋಣವೆಂದರೆ ಆನೆಗೆ ಓಡಿಬರಲು ಜಾಗವಿಲ್ಲ. ಮೇಲೆ ನಿಂತು ನಾಲ್ಕು ಜನ ಕಲ್ಲು ಉರುಳಿಸಿದರೆ ಸಾಕು.

ಮೇಲೇರಿದರೆ ಕೆಳಗಿನ ಶಿವಾಲಯ. ಅದರಲ್ಲಿ ಗರ್ಭಗುಡಿಯಷ್ಟೇ ಉಳಿದಿದೆ. ನೆತ್ತಿಯಲ್ಲಿ ಮೇಲಿನ ಶಿವಾಲಯ. ಅದರ ಮೈಮೇಲೆ ಕೃಷ್ಣನ ಕಥೆ, ರಾಮಾಯಣದ ಕಥೆ ಕೆತ್ತಿದ್ದಾರೆ. ಮೊದಲು ಅದು ವಿಷ್ಣುವಿನ ಗುಡಿಯಾಗಿತ್ತೆಂದು ಬಲ್ಲವರು ಹೇಳುತ್ತಾರೆ. ಅಲ್ಲಲ್ಲಿ ಗುಮ್ಮಟದಂಥ ತಲೆಯ ಕಣಜಗಳು, ಕಾವಲು ಬುರುಜುಗಳು, ಒಂದು ತೋಪು. ಇಂದು ಕಾಣುವ ಗೋಡೆ ಬುರುಜುಗಳಲ್ಲಿ ಹೆಚ್ಚಿನವು ಚಾಲುಕ್ಯರವಲ್ಲ. ವಿಜಯನಗರದ ಕಾಲದಿಂದ ಟಿಪ್ಪುವಿನ ಕಾಲದವರೆಗೆ ಒಬ್ಬರ ಮೇಲೊಬ್ಬರು ಕಟ್ಟಿ, ಹಳೆಯದಕ್ಕೆ ತೇಪೆ ಹಾಕಿದವು.

ಕಣಜದ ನೆರಳಿಗೆ ಮಕ್ಕಳನ್ನು ಕೂಡ್ರಿಸಿ ಪಾಠ ಸುರುಮಾಡಿದೆ. ಒಂದನೆಯ ಪುಲಕೇಶಿ ಶಕವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಈ ಗುಡ್ಡವನ್ನು ಕೋಟೆ ಮಾಡಿದ. ಆ ಸಂಗತಿಯನ್ನು ಇದೇ ಗುಡ್ಡದ ಬಂಡೆಯ ಮೇಲೆ ಸಂಸ್ಕೃತದ ಐದು ಸಾಲುಗಳಲ್ಲಿ ಕೊರೆಸಿದ. ಮೇಲಿನಿಂದಲೂ ಕೆಳಗಿನಿಂದಲೂ ವೈರಿಗೆ ಅಸಾಧ್ಯವಾದ ಕೋಟೆ ಎಂಬುದು ಅದರ ತಾತ್ಪರ್ಯ. ಆ ಶಾಸನವನ್ನು 1941ರಲ್ಲಿ ಬೆಳಕಿಗೆ ತಂದವರು ಆರ್. ಎಸ್. ಪಂಚಮುಖಿಯವರು. ಅಸಾಧ್ಯ ಎಂದದ್ದು ನೂರು ವರ್ಷ ತುಂಬುವುದರೊಳಗೇ ಸಾಧ್ಯವಾಯಿತು. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಹಿಡಿದು 'ವಾತಾಪಿಕೊಂಡ' ಎನ್ನಿಸಿಕೊಂಡ. ಅವನೂ ಕೆಳಗೆ ಗುಡಿಯೊಂದರ ಹಿಂದಿನ ಬಂಡೆಯ ಮೇಲೆ ತನ್ನ ಶಾಸನ ಬರೆಸಿದ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಒಂದನೆಯ ವಿಕ್ರಮಾದಿತ್ಯ ಊರನ್ನು ಬಿಡಿಸಿಕೊಂಡ. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಅದನ್ನು ಟಿಪ್ಪುವಿನಿಂದ ಕಿತ್ತುಕೊಂಡರು. 1818ರಲ್ಲಿ ಮನ್ರೋ ಬಂದ. 1841ರಲ್ಲಿ ನರಸಿಂಹ ದತ್ತಾತ್ರೇಯ ಎಂಬ ಕಣ್ಣು ಕಾಣದ ಮನುಷ್ಯ ಅರಬ ಸಿಪಾಯಿಗಳನ್ನು ಕಟ್ಟಿಕೊಂಡು ಬಂದು ಕೆಲವು ದಿನ ಬಾದಾಮಿಯನ್ನು ಇಂಗ್ಲಿಷರಿಂದ ತಪ್ಪಿಸಿದ.

ಇಷ್ಟು ಹೇಳಿ ತಿರುಗಿ ನೋಡಿದರೆ ಹಿಂದೆ ಕೂತಿದ್ದ ಹುಡುಗನೊಬ್ಬ ಮೊಳೆ ಹಿಡಿದು ಕಲ್ಲಿನ ಮೇಲೆ ತನ್ನ ಹೆಸರು ಗೀರುತ್ತಿದ್ದ. ಎರಡು ಅಕ್ಷರ ಆಗಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಬೆನ್ನಿಗೆ ಒಂದು ಬಾರಿಸಿದೆ.

ಅವನು ಅಳಲಿಲ್ಲ. "ಅಕ್ಕೋರ, ಪುಲಕೇಶಿ ಬರದ, ಪಲ್ಲವರಾಂವ ಬರದ. ನಾ ಬರದ್ರಷ್ಟ ತಪ್ಪೇನ್ರೀ?" ಎಂದ.

"ಅವರು ಈ ಕೋಟೆ ಕಟ್ಟಿದ ರಾಜರೋ" ಎಂದೆ.

"ಕಲ್ಲು ಹೊತ್ತಾವ್ರು ರಾಜ್ರೇನ್ರೀ? ಅವ್ರ ಹೆಸ್ರು ಎಲ್ಲೈತಿ?"

ಅವನ ತಂದೆ ಇಳಕಲ್ಲಿನ ಹತ್ತಿರ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುವವರು. ಆ ಊರಿನ ಕೆಂಪು ಕಲ್ಲು ಎಲ್ಲೆಲ್ಲಿಗೋ ಹೋಗಿ ದೊಡ್ಡವರ ಮನೆಗಳ ನೆಲವಾಗುತ್ತದೆ. ಒಡೆದವರ ಹೆಸರು ಅದರ ಮೇಲೆ ಇರುವುದಿಲ್ಲ. ಇದು ಆ ಹುಡುಗನಿಗೆ ಪುಸ್ತಕದಿಂದ ತಿಳಿದದ್ದಲ್ಲ. "ಎದುರು ಮಾತಾಡಬೇಡ" ಎಂದು ಗದರಿಸಿ ಎಲ್ಲರನ್ನೂ ಕೆಳಗಿಳಿಸಿದೆ. ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ನಾನೂ ಮಾತಾಡಿಸಲಿಲ್ಲ.

ಮೊಳೆ ಕಸಿದುಕೊಂಡದ್ದು ತಪ್ಪಲ್ಲ. ಮರಳುಗಲ್ಲು ಮೆತ್ತಗಿನದು, ಗೀರಿದಲ್ಲಿ ನೀರು ಇಳಿದು ಮಳೆಗಾಲ ಕಳೆದಂತೆ ಹಳಕು ಏಳುತ್ತದೆ. ಆದರೆ ನಾನು ಕೊಟ್ಟ ಉತ್ತರ ತಪ್ಪು. ನಲವತ್ತು ದಾಟಿದ ಮೇಲೆ ಮತ್ತೆ ಓದಲು ಕೂತೆ.

ಉತ್ತರ ಅದೇ ಗುಡ್ಡದಲ್ಲಿತ್ತು. ಉತ್ತರದ ಕೋಟೆಯ ಪಕ್ಕ ಬೇರೆಯಾಗಿ ನಿಂತ ಬಂಡೆಯ ಮೇಲೆ ಮಾಲೆಗಿತ್ತಿ ಶಿವಾಲಯವಿದೆ. ಮಾಲೆಗಿತ್ತಿ ಎಂದರೆ ಹೂಮಾಲೆ ಕಟ್ಟುವವಳು. ಜನರ ಬಾಯಲ್ಲಿ ಆ ಗುಡಿಗೆ ರಾಜನ ಹೆಸರು ನಿಲ್ಲಲಿಲ್ಲ, ಹೂವಿನವಳ ಹೆಸರು ನಿಂತಿತು. ಅಲ್ಲಿನ ಶಾಸನದಲ್ಲಿ ಆರ್ಯಮಿಂಚಿ ಉಪಾಧ್ಯಾಯ ಎಂಬ ಹೆಸರಿದೆ. ಗುಡಿಯ ಶಿಲ್ಪಿ ಅವನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಗೌರವದಿಂದ ಕೊರೆದಿದ್ದಾರೆ. ಹೆಸರು ಉಳಿದದ್ದು ಇಂಥ ಕೆಲವರದೇ. ಕಲ್ಲು ಹೊತ್ತವರ, ನೀರು ಸೇದಿದವರ, ಆ ಓಣಿಯಲ್ಲಿ ಮೆಟ್ಟಿಲು ಕಡಿದವರ ಹೆಸರು ಎಲ್ಲಿಯೂ ಇಲ್ಲ. ಆದರೂ ಅವರು ಕಡಿದ ಮೆಟ್ಟಿಲ ಮೇಲೆ ಕಾಲಿಡದೆ ಪುಲಕೇಶಿಯೂ ಮೇಲೇರಲಾರ, ನರಸಿಂಹವರ್ಮನೂ ಏರಲಾರ, ನಾನೂ ಏರಲಾರೆ.

ಈ ಉತ್ತರ ನನಗೆ ಸಿಗುವಷ್ಟರಲ್ಲಿ ಆ ಹುಡುಗ ಪರೀಕ್ಷೆ ಮುಗಿಸಿ ಶಾಲೆ ಬಿಟ್ಟಿದ್ದ. ತಂದೆಯ ಕೆಲಸಕ್ಕೇ ಹೋದನೆಂದು ಕೇಳಿದೆ. ಎದುರಿಗೆ ಸಿಕ್ಕಿಲ್ಲ.

ಈಗ ಪ್ರವಾಸಕ್ಕೆ ಹೋದರೆ ಗುಹೆಗಳಿಗೆ ಮೊದಲು ಮಾಲೆಗಿತ್ತಿಗೆ ಕರೆದೊಯ್ಯುತ್ತೇನೆ. ಆರ್ಯಮಿಂಚಿಯ ಹೆಸರು ಹೇಳಿ, "ಇವನೂ ನಮ್ಮ ಹಾಗೆ ಉಪಾಧ್ಯಾಯ ನೋಡ್ರಿ" ಎಂದರೆ ಮಕ್ಕಳು ನಗುತ್ತಾರೆ. ಆಮೇಲೆ ಬಾವನ್‌ಬಂಡೆ ಹತ್ತಿಸುತ್ತೇನೆ. ಮೊಣಕಾಲು ನೋಯುತ್ತವೆ, ಆದರೂ ಬಿಡುವುದಿಲ್ಲ. ಆ ಎರಡು ಅಕ್ಷರ ಇನ್ನೂ ಅಲ್ಲಿವೆ, ಸ್ವಲ್ಪ ಮಾಸಿವೆ. ಮಕ್ಕಳಿಗೆ ತೋರಿಸುವುದಿಲ್ಲ. ಒಬ್ಬಳೇ ಹೋಗಿ ನೋಡಿ ಬರುತ್ತೇನೆ.