ಬಾಗಿಲ ಮೇಲಿನ ನಾಲ್ಕು ಪ್ರತಿಮೆಗಳು

ಅಮೆರಿಕದ ಆರ್ಕನ್ಸಾ ರಾಜ್ಯದ ರಾಜಧಾನಿಯಾದ ಲಿಟ್ಲ್ ರಾಕ್ ನಗರದಲ್ಲಿ ಸೆಂಟ್ರಲ್ ಹೈಸ್ಕೂಲ್ ಎಂಬ ಸರಕಾರಿ ಶಾಲೆಯೊಂದಿದೆ. ಅದರ ಕಟ್ಟಡವನ್ನು ಕುರಿತು ನಾನು ನಾಲ್ಕು ಮಾತು ಹೇಳಬಯಸುತ್ತೇನೆ.

1927ರಲ್ಲಿ 15 ಲಕ್ಷ ಡಾಲರ್ ವೆಚ್ಚದಲ್ಲಿ ಬಿಳಿಯರ ಮಕ್ಕಳಿಗಾಗಿ ಕಟ್ಟಿದ ಈ ಇಟ್ಟಿಗೆಯ ಸೌಧವನ್ನು ದೇಶದ ಅತಿ ಸುಂದರ ಹೈಸ್ಕೂಲೆಂದು ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆ ಕೊಂಡಾಡಿತು. ಎದುರಿಗೆ ಕೊಳ, ಮೇಲೇರುವ ಮೆಟ್ಟಿಲುಗಳು, ಮಹಾದ್ವಾರದ ಮೇಲೆ ನಾಲ್ಕು ಪ್ರತಿಮೆಗಳು. ಆಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ ಎಂಬುವು ಅವುಗಳ ಹೆಸರು. ಎರಡು ವರ್ಷಗಳ ತರುವಾಯ ಕರಿಯರ ಮಕ್ಕಳಿಗೆಂದು ಡನ್‌ಬಾರ್ ಶಾಲೆ ಎದ್ದಿತು. ಅದಕ್ಕೆ ದೊರೆತದ್ದು 4 ಲಕ್ಷ.

ಇಂಥ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 1954ರಲ್ಲಿ ಸಾರಿತು. ಆದರೂ 1957ರ ಸೆಪ್ಟೆಂಬರ್ 4ರಂದು ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಗವರ್ನರ್ ಫಾಬಸ್ ನಿಲ್ಲಿಸಿದ್ದ ಸೈನಿಕರು ತಡೆದರು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಕಳುಹಿಸಿದ ಸೇನೆಯ ಕಾವಲಿನಲ್ಲಿ, 25ರಂದು, ಅವರು ಆ ಮೆಟ್ಟಿಲುಗಳನ್ನೇರಿ ಒಳಹೊಕ್ಕರು. ಮರುವರ್ಷ ನಗರದ ಹೈಸ್ಕೂಲುಗಳನ್ನೇ ಮುಚ್ಚಲಾಯಿತು. ಅವು ಮತ್ತೆ ತೆರೆದದ್ದು 1959ರಲ್ಲಿ.

1998ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆನಿಸಿದ ಆ ಸೌಧದಲ್ಲಿ ಈಗಲೂ ಪಾಠ ನಡೆಯುತ್ತಿದೆ. 'ಅವಕಾಶ'ದ ಪ್ರತಿಮೆ ಮೊದಲ ದಿನದಿಂದಲೂ ಬಾಗಿಲ ಮೇಲೆಯೇ ಇತ್ತು. ಅದು ಬಾಗಿಲ ಕೆಳಗೂ ನಿಜವಾಗಲು ಮೂವತ್ತು ವರ್ಷ ಹಿಡಿಯಿತು. ಶಾಲೆಯ ಚೆಲುವನ್ನು ಅಳೆಯುವಾಗ ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ.